ಹಳೇ ಪದ್ಮಿನಿಯ ಲೈಟ್ ಮಂಕು, ಬ್ಯಾಟರಿ ಡೌನ್: ವೈರಿಂಗ್ ಪೂರ್ತಿ ಬದಲಿಸಬೇಕಾ?

ಪ್ರಶ್ನೆ (ಸಕಲೇಶಪುರದಿಂದ):
ನಮಸ್ಕಾರ ಅಣ್ಣಾ. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಇನ್ನೂ ನಮ್ಮ ಮನೆಯಲ್ಲೇ ಇದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಈಗ ತೆಗೆದರೆ ಎಡಗಡೆ ಹೆಡ್‌ಲೈಟ್ ಚಿಮಣಿ ದೀಪದ ಥರ ಕೆಂಪಗೆ ಉರಿಯುತ್ತದೆ. ಎಡಗಡೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕುತ್ತದೆ. ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ಬ್ಯಾಟರಿ ಹೊಸದು. ಇಲ್ಲೊಬ್ಬರಿಗೆ ತೋರಿಸಿದೆ, ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಬೇಕು ಅಂದರು. ನಾನೇ ಮಲ್ಟಿಮೀಟರ್ ಹಿಡಿದು ನೋಡಿದರೆ ಎಲ್ಲ ವೈರೂ ಬೀಪ್ ಅನ್ನುತ್ತವೆ, ಅಂದರೆ ಎಲ್ಲೂ ತುಂಡಾಗಿಲ್ಲ. ಏನು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹಾಸನ):
ಮೇಡಂ, ಈಗಲೇ ವೈರಿಂಗ್ ಕೀಳಿಸಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಲೈಟ್ ಮಂಕಾಗೋದು, ಪಾರ್ಕಿಂಗ್ ಲೈಟ್ ಮಿಣುಕೋದು ಎರಡಕ್ಕೂ ಕಾರಣ ಒಂದೇ ಇರಬೇಕು, ಎಡಗಡೆಯ ಅರ್ತಿಂಗ್, ಅಂದರೆ ಲೈಟಿನ ವೈರನ್ನು ಬಾಡಿಗೆ ಬಿಗಿದ ಜಾಗ. ಬ್ಯಾಟರಿ ಕಥೆ ಬೇರೆ.

ಬಲ್ಬಿಗೆ ಹೋದ ಕರೆಂಟು ಬಾಡಿಯ ತಗಡಿನ ಮೇಲೆಯೇ ಬ್ಯಾಟರಿಗೆ ವಾಪಸ್ ಬರಬೇಕು. ಅರ್ತಿಂಗ್ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ ಆ ದಾರಿ ಕಟ್ಟಿಹೋಗುತ್ತದೆ. ಆಗ ಕರೆಂಟು ಪಕ್ಕದ ಬಲ್ಬಿನ ಒಳಗಿಂದ ನುಗ್ಗಿ ಬರುತ್ತದೆ. ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟ್ ಮಿಣುಕೋದು ಅದಕ್ಕೇ. ನಮ್ಮ ಮಲೆನಾಡಿನ ತೇವಕ್ಕೆ ಇದು ಪ್ರತಿ ವರ್ಷದ ಕೆಲಸ.

ಇನ್ನು ಆ ಬೀಪ್ ವಿಷಯ. ಬೀಪ್ ಮಾಡಲು ಮೀಟರ್ ಬಿಡುವ ಕರೆಂಟು ತೀರಾ ಚೂರು. ವೈರಿನ ಒಳಗೆ ಒಂದೇ ಎಳೆ ಉಳಿದಿದ್ದರೂ ಬೀಪ್ ಅನ್ನುತ್ತದೆ. ಆದರೆ ಹೆಡ್‌ಲೈಟಿಗೆ ನಾಲ್ಕೈದು ಆಂಪ್ ಬೇಕು, ಒಂದು ಎಳೆಯಲ್ಲಿ ಅಷ್ಟು ಸಾಗಲ್ಲ. ಹಾಗಾಗಿ ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಹೆಡ್‌ಲೈಟ್ ಆನ್ ಮಾಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಬಲ್ಬಿನ ಅರ್ತ್ ಪಿನ್ ಮೇಲೆ. 0.2 ವೋಲ್ಟ್ ಒಳಗೆ ಬಂದರೆ ಅರ್ತಿಂಗ್ ಸರಿ ಇದೆ. ಒಂದು ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ಪಾಸಿಟಿವ್ ಕಂಬದಿಂದ ಬಲ್ಬಿನ ಲೈವ್ ಪಿನ್‌ಗೂ ಹೀಗೇ ನೋಡಿ, ಅರ್ಧ ವೋಲ್ಟ್ ಮೀರಬಾರದು. ಇದು ಸಣ್ಣ ಲೆಕ್ಕ ಅಂದುಕೊಳ್ಳಬೇಡಿ. ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟೇಜ್ ಕಮ್ಮಿಯಾದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಕಮ್ಮಿಯಾಗುತ್ತದೆ.

ಕಳ್ಳ ಅರ್ತಿಂಗಿನಲ್ಲಿ ಸಿಕ್ಕಿದರೆ ಅದರ ಬೋಲ್ಟ್ ಬಿಚ್ಚಿ, ತಗಡು ಬೆಳ್ಳಗೆ ಹೊಳೆಯುವ ತನಕ ಎಮರಿ ಪೇಪರ್‌ನಲ್ಲಿ ಉಜ್ಜಿ. ಬಣ್ಣದ ಮೇಲೆ ಬಿಗಿದರೆ ಪ್ರಯೋಜನ ಇಲ್ಲ. ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ವ್ಯಾಸಲೀನ್ ಸವರಿ. ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಗಿದ್ದರೆ, ಹೊಳಪು ಸಿಗುವ ತನಕ ಹಿಂದಕ್ಕೆ ಕತ್ತರಿಸಿ ಹೊಸ ತುಂಡು ಸೇರಿಸಿ.

ಪೂರ್ತಿ ವೈರಿಂಗ್ ಯಾವಾಗ ಬದಲಿಸಬೇಕು ಅಂದರೆ, ಬಗ್ಗಿಸಿದ ಕಡೆಯೆಲ್ಲ ಮೇಲಿನ ಹೊದಿಕೆ ಪಟಪಟ ಒಡೆಯುತ್ತಿದ್ದರೆ. ಇಲ್ಲವೇ ಇಲಿ ಉದ್ದಕ್ಕೂ ಕಡಿದಿದ್ದರೆ.

ಪ್ರಶ್ನೆ ಕೇಳಿದವರು:
ಅಣ್ಣಾ, ಅರ್ತ್ ಪಿನ್‌ನಲ್ಲಿ 1.8 ಬಂತು! ಬೋಲ್ಟ್ ಬಿಚ್ಚಿದರೆ ಕೆಳಗೆ ಬರೀ ಕೆಂಪು ಪುಡಿ. ಉಜ್ಜಿ ಹಾಕಿದ ಮೇಲೆ ಎರಡೂ ಲೈಟ್ ಸಮ ಆದವು, ಮಿಣುಕೋದೂ ನಿಂತಿತು. ಈಗ ಬ್ಯಾಟರಿಗೆ ಏನು ಮಾಡಲಿ?

ಉತ್ತರ:
ಒಳ್ಳೇದಾಯ್ತು ಮೇಡಂ. ಕೀ ತೆಗೆಯಿರಿ, ಬಾಗಿಲು ಹಾಕಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪ್ ತೂತಿನಲ್ಲಿ ಸೇರಿಸಿ. ಮೀಟರ್ ಹಾಗಿರುವಾಗ ಸ್ಟಾರ್ಟ್ ಮಾಡಲೇಬೇಡಿ, ಸುಟ್ಟುಹೋಗುತ್ತದೆ. ಹಳೇ ಗಾಡಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. 0.05 ಆಂಪ್ ದಾಟಿದರೆ ಎಲ್ಲೋ ಸೋರುತ್ತಿದೆ. ಮೂರು ದಿನಕ್ಕೆ ಡೌನ್ ಆಗುತ್ತಿದೆ ಅಂದರೆ ನಿಮ್ಮದು ಅರ್ಧ ಆಂಪ್ ಹತ್ತಿರ ಇರಬೇಕು. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದು ತೆಗೆದಾಗ ಇಳಿಯುತ್ತದೋ ಆ ಲೈನ್ ಹಿಡಿಯಿರಿ. ಯಾವುದಕ್ಕೂ ಇಳಿಯದಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ದಪ್ಪ ವೈರ್ ಬಿಚ್ಚಿ ನೋಡಿ, ಕರೆಂಟು ಹಿಂದಕ್ಕೆ ಹರಿಯದ ಹಾಗೆ ತಡೆಯುವ ಒಳಗಿನ ಡಯೋಡ್ ಹೋಗಿದ್ದರೂ ಹೀಗಾಗುತ್ತದೆ. ಆ ವೈರ್ ತುದಿ ಬಾಡಿಗೆ ತಗುಲದ ಹಾಗೆ ಟೇಪ್ ಸುತ್ತಿ.

ಪ್ರಶ್ನೆ ಕೇಳಿದವರು:
0.4 ಬಂತು. ಫ್ಯೂಸ್ ಎಲ್ಲ ತೆಗೆದರೂ ಇಳಿಯಲಿಲ್ಲ. ಹುಡುಕಿದರೆ ಸ್ಟೀರಿಯೋದ ಆಂಪ್ಲಿಫೈಯರಿಗೆ ಯಾರೋ ನೇರ ಬ್ಯಾಟರಿಯಿಂದ ವೈರ್ ಎಳೆದಿದ್ದಾರೆ. ಅದು ತೆಗೆದರೆ ಸೊನ್ನೆ.

ಉತ್ತರ:
ಅದಕ್ಕೆ ಫ್ಯೂಸ್ ಇಲ್ಲ ಅಲ್ವಾ? ಬ್ಯಾಟರಿ ಡೌನ್ ಆಗೋದಕ್ಕಿಂತ ಅದು ದೊಡ್ಡ ಅಪಾಯ. ಆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ. ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಫ್ಯೂಸ್ ಹಾಕಿಸಿ. ಕೀ ಆನ್ ಇದ್ದಾಗ ಮಾತ್ರ ಲೈನ್ ಬರುವ ಹಾಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕೊಡಿಸಿ. ಇನ್ನೊಂದು ಮಾತು, ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಓಡಿಸೋದು ಇನ್ನೂ ನಡೆಯುತ್ತಿದೆ. ದಯವಿಟ್ಟು ಯಾರೂ ಮಾಡಬೇಡಿ. ಎರಡು ಫ್ಯೂಸ್ ಡ್ಯಾಶ್‌ನಲ್ಲಿ ಇಟ್ಟುಕೊಳ್ಳಿ.

ಇನ್ನೊಬ್ಬರು (ಚಿಕ್ಕಮಗಳೂರು):
ಸರ್, ನಮ್ಮದು ಹಳೇ ಅಂಬಾಸಿಡರ್. ಸೆಲ್ಫ್ ಹೊಡೆದರೆ ನಿಧಾನ ತಿರುಗುತ್ತದೆ, ಚೋಕ್ ಕೇಬಲ್ ಕೈ ಸುಡುವಷ್ಟು ಬಿಸಿ ಆಗುತ್ತದೆ. ಸ್ಟಾರ್ಟರ್ ಬದಲಿಸಬೇಕಾ?

ಉತ್ತರ:
ಬೇಡ ಅಣ್ಣ, ಸ್ಟಾರ್ಟರ್ ಮುಟ್ಟಬೇಡಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯಲ್ಲ. ಅದಕ್ಕೇ ಎಂಜಿನ್ನಿಂದ ಬಾಡಿಗೆ ಒಂದು ಹೆಣೆದ ಪಟ್ಟಿ ಕೊಟ್ಟಿರುತ್ತಾರೆ. ಅದು ತುಂಡಾಗಿದೆ ಅಥವಾ ಸಡಿಲ ಆಗಿದೆ. ಚೋಕ್ ಕೇಬಲ್ಲೂ ಲೋಹದ್ದೇ, ಬಾಡಿಯಿಂದ ಎಂಜಿನ್ನಿಗೆ ಹೋಗುತ್ತದೆ, ಹಾಗಾಗಿ ನೂರಾರು ಆಂಪ್ ಈಗ ಆ ಸಣ್ಣ ಕೇಬಲ್ ಮೇಲೆ ಓಡಾಡುತ್ತಿದೆ. ಇಂದೇ ಹೊಸ ಪಟ್ಟಿ ಹಾಕಿಸಿ, ಅಲ್ಲಿಯ ತನಕ ಸೆಲ್ಫ್ ಹೊಡೆಯಬೇಡಿ. ಬ್ಯಾಟರಿ ಬಿಚ್ಚುವ ಮೊದಲು ಬಾಡಿಗೆ ಪಾಸಿಟಿವ್ ಕೊಟ್ಟಿದ್ದಾರೋ ನೆಗೆಟಿವ್ ಕೊಟ್ಟಿದ್ದಾರೋ ನೋಡಿಕೊಳ್ಳಿ. ಇಂಗ್ಲೆಂಡ್ ಮೂಲದ ಹಳೇ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಬಾಡಿಗೆ ಕೊಟ್ಟ ಕಂಬವನ್ನೇ ಮೊದಲು ಬಿಚ್ಚಬೇಕು.

ಮತ್ತೊಬ್ಬರು (ಕೊಟ್ಟಿಗೆಹಾರ):
ಚಾರ್ಮಾಡಿ ಮಂಜಿಗೆ ನಮ್ಮ ಪದ್ಮಿನಿಗೆ 100 ವ್ಯಾಟ್ ಬಲ್ಬ್ ಹಾಕಬಹುದಾ?

ಉತ್ತರ:
ಬೇಡ. ಎರಡು ಬಲ್ಬಿಗೆ 16 ಆಂಪ್ ಮೇಲೆ ಆಗುತ್ತದೆ, ಹಳೇ ಸ್ವಿಚ್ಚು ಕರಗುತ್ತದೆ. ಜಾಸ್ತಿ ವ್ಯಾಟ್ ಹಾಕಿದರೆ ಮಂಜಿನಲ್ಲಿ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಈಗಿರುವ ಬಲ್ಬಿಗೇ ಎರಡು ರಿಲೇ ಹಾಕಿಸಿ, ಒಂದು ಡಿಮ್‌ಗೆ, ಒಂದು ಬ್ರೈಟ್‌ಗೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರ್ ರಿಲೇಯ 30 ನಂಬರಿನ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೇ ಸ್ವಿಚ್ ವೈರ್ 86ಕ್ಕೆ, 85 ಅರ್ತಿಗೆ. ಸ್ವಿಚ್ ಮೇಲೆ ಭಾರ ಬೀಳಲ್ಲ, ಬಲ್ಬಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಘಾಟಿಯಲ್ಲಿ ಡಿಮ್‌ನಲ್ಲೇ ಇಳಿಯಿರಿ.