ಮುಟ್ಟು ನಿಲ್ಲುವುದರ ವಿಕಾಸ: ಅಳಿಯಕಟ್ಟಿನಲ್ಲಿ ಅತ್ತೆ–ಸೊಸೆ ಲೆಕ್ಕ ನಡೆಯುತ್ತದಾ?

ಮಲ್ಪೆ_ಬಂಗುಡೆ: ಮುಟ್ಟು ನಿಂತ ಮೇಲೂ ಹೆಂಗಸರು ದಶಕಗಟ್ಟಲೆ ಬದುಕುವುದಕ್ಕೆ ಎರಡು ಕಾರಣ ಹೇಳ್ತಾರೆ. ಒಂದು ಅಜ್ಜಿಯ ನೆರವು, ಇನ್ನೊಂದು ಅತ್ತೆ–ಸೊಸೆ ಪೈಪೋಟಿ. ಎರಡನೆಯದಕ್ಕೆ ಹೆಣ್ಣು ಗಂಡನ ಮನೆ ಸೇರಬೇಕು. ನಮ್ಮಲ್ಲಿ, ಅಂದರೆ ತುಳುನಾಡಿನ ಅಳಿಯಕಟ್ಟಿನಲ್ಲಿ, ಕುಟುಂಬ ತಾಯಿ ಕಡೆಯಿಂದ ಹೋಗುವುದಲ್ವಾ, ಹಾಗಾದರೆ ಆ ವಾದ ಬಿತ್ತಾ? ಮತ್ತೆ, ಹಿಂದಿನವರು ನಲವತ್ತಕ್ಕೇ ಸಾಯ್ತಿದ್ದರೆ ಅಜ್ಜಿ ಎಲ್ಲಿಂದ ಬಂದಳು?

ಕದ್ರಿಗುಡ್ಡೆ: ಕೊನೆಯದನ್ನು ಮೊದಲು ಮುಗಿಸುವ. ಸರಾಸರಿ ಆಯಸ್ಸು ಕಡಿಮೆ ಇದ್ದದ್ದು ಶಿಶುಮರಣದಿಂದ. ಬೇಟೆ, ಗೆಡ್ಡೆಗೆಣಸಿನಲ್ಲೇ ಬದುಕುವ ಸಮುದಾಯಗಳಲ್ಲೂ 45 ದಾಟಿದವರು ಸುಮಾರು ಇನ್ನಿಪ್ಪತ್ತು ವರ್ಷ ಬದುಕುತ್ತಾರೆ. ತಾಂಜಾನಿಯಾದ ಹಾಡ್ಜಾ ಬುಡಕಟ್ಟಿನ ಅಜ್ಜಿಯರು ಗಟ್ಟಿ ನೆಲ ಅಗೆದು ಗೆಡ್ಡೆ ತಂದು ಮೊಮ್ಮಕ್ಕಳಿಗೆ ಕೊಡುವುದನ್ನು ನೋಡಿಯೇ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ತಂಡ 1990ರ ದಶಕದಲ್ಲಿ ಅಜ್ಜಿ ವಾದಕ್ಕೆ ಬಲ ಕೊಟ್ಟದ್ದು.

ಈಗ ಲೆಕ್ಕ. ಸ್ವಂತ ಮಗುವಿನಲ್ಲಿ ವಂಶವಾಹಿಯ ಪಾಲು 1/2, ಮೊಮ್ಮಗುವಿನಲ್ಲಿ 1/4. ಹಾಗಾಗಿ ಒಂದು ಹೆರಿಗೆ ಬಿಟ್ಟದ್ದು ಸರಿದೂಗಬೇಕಾದರೆ, ಅಜ್ಜಿಯಿಂದಾಗಿ ಎರಡು ಮೊಮ್ಮಕ್ಕಳು ಹೆಚ್ಚಾಗಬೇಕು. ಫಿನ್‌ಲ್ಯಾಂಡ್ ಮತ್ತು ಕೆನಡಾದ ಹಳೆಯ ಚರ್ಚ್ ದಾಖಲೆಗಳ 2004ರ ಅಧ್ಯಯನದಲ್ಲಿ, 50 ದಾಟಿ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಹೆಚ್ಚಾದ ಮೊಮ್ಮಕ್ಕಳು ಸುಮಾರು ಎರಡೇ. ಅಂದರೆ ಹತ್ತು ವರ್ಷಕ್ಕೆ ಒಂದು ಮಗುವಿನಷ್ಟು ಲಾಭ. ಆ ಹತ್ತು ವರ್ಷದಲ್ಲಿ ಎರಡು ಮೂರು ಹೆರಲು ಆಗುವುದಿದ್ದರೆ ಲೆಕ್ಕ ನಷ್ಟವೇ. ಅಜ್ಜಿಯ ನೆರವಿನಿಂದ ಮುಟ್ಟು ನಿಂತ ಮೇಲೂ ಬದುಕುವುದು ಅರ್ಥವಾಗುತ್ತದೆ, ನಿಂತದ್ದು ಯಾಕೆ ಎಂಬುದು ಆಗುವುದಿಲ್ಲ.

ಪಣಂಬೂರು_ಅಲೆ: ಆ ಕೊರತೆ ತುಂಬಲಿಕ್ಕೇ ಸಂಶೋಧಕರಾದ ಕ್ಯಾಂಟ್ ಮತ್ತು ಜಾನ್‌ಸ್ಟೋನ್ 2008ರಲ್ಲಿ ಪೈಪೋಟಿಯ ಮಾದರಿ ಮುಂದಿಟ್ಟದ್ದು. ಹೊರಗಿಂದ ಬಂದ ಸೊಸೆಗೆ ಅತ್ತೆಯ ಮಕ್ಕಳೊಂದಿಗೆ ರಕ್ತಸಂಬಂಧ ಸೊನ್ನೆ. ಅತ್ತೆಗೆ ಸೊಸೆಯ ಮಕ್ಕಳಲ್ಲಿ 1/4 ಪಾಲು ಉಂಟು. ಇಬ್ಬರೂ ಒಟ್ಟಿಗೆ ಹೆತ್ತು ಊಟ ಸಾಲದಿದ್ದರೆ ಬಿಟ್ಟುಕೊಡುವವಳು ಅತ್ತೆಯೇ.

ಅಳಿಯಕಟ್ಟಿನಿಂದ ಇದು ಬೀಳುವುದಿಲ್ಲ ಮಾರಾಯ್ರೆ. ಒಂದು, ಆಸ್ತಿ ಯಾರ ಕಡೆಯಿಂದ ಹೋಗುತ್ತದೆ, ಹೆಣ್ಣು ಎಲ್ಲಿ ವಾಸ ಮಾಡುತ್ತಾಳೆ, ಇವೆರಡು ಬೇರೆ. ಮಾದರಿಗೆ ಬೇಕಾದದ್ದು ಎರಡನೆಯದು. ಇನ್ನೊಂದು, ಮುಟ್ಟು ನಿಲ್ಲುವುದು ಎಲ್ಲ ಮನುಷ್ಯರಲ್ಲೂ ಉಂಟು, ಯಾವ ಕಟ್ಟುಕಟ್ಟಳೆಗಿಂತಲೂ ಎಷ್ಟೋ ಹಳೆಯದು. ತಾಯಿಯ ತಾಯಿಗೆ ಮಹತ್ವ ಇಲ್ಲ ಎಂದಲ್ಲ: ಗ್ಯಾಂಬಿಯಾದ ಹಳ್ಳಿಗಳಲ್ಲಿ ಆಕೆ ಬದುಕಿದ್ದರೆ ಸಣ್ಣ ಮಕ್ಕಳು ಉಳಿಯುವುದು ಹೆಚ್ಚು.

ಸೊಸೆ ಬಾರದಿದ್ದರೂ ಇಂಥ ಪೈಪೋಟಿ ಉಂಟು. ಮನುಷ್ಯರಂತೆ ಹೆರಿಗೆ ನಿಂತ ಮೇಲೂ ಬದುಕುವ ಓರ್ಕಾ ತಿಮಿಂಗಿಲದಲ್ಲಿ ಮಗ, ಮಗಳು ಯಾರೂ ಗುಂಪು ಬಿಡುವುದಿಲ್ಲ, ಮರಿಗಳ ತಂದೆ ಬೇರೆ ಗುಂಪಿನವನು. ಹಾಗಾಗಿ ವಯಸ್ಸಾದಂತೆ ಹೆಣ್ಣಿಗೆ ತನ್ನ ಗುಂಪಿನೊಡನೆ ನಂಟು ಹೆಚ್ಚುತ್ತದೆ. ತಾಯಿ ಮಗಳು ಒಟ್ಟಿಗೆ ಹೆತ್ತರೆ ತಾಯಿಯ ಮರಿ ಸಾಯುವ ಸಂಭವ ಮಗಳ ಮರಿಯದ್ದರ 1.7 ಪಟ್ಟು ಎಂದು 2017ರಲ್ಲಿ ಕಂಡದ್ದು.

ಕದ್ರಿಗುಡ್ಡೆ: ಒಪ್ಪಿದೆ, ಒಂದು ತಕರಾರು ಬಿಟ್ಟು. ಉಗಾಂಡಾದ ಎನ್‌ಗೊಗೊ ಚಿಂಪಾಂಜಿಗಳಲ್ಲೂ 50ರ ನಂತರ ಹೆರಿಗೆ ಇಲ್ಲ (2023ರ ವರದಿ). ಅಲ್ಲಿ ಹೆಣ್ಣು ಬೆಳೆದ ಮೇಲೆ ತಾಯಿಯ ಗುಂಪು ಬಿಟ್ಟು ಹೋಗುತ್ತದೆ, ಮಗಳ ಮರಿ ಸಾಕುವ ಅಜ್ಜಿ ಇಲ್ಲವೇ ಇಲ್ಲ. ಹಾಗಾದರೆ ಅಂಡಾಶಯದ ಗಡುವು ಮೊದಲಿನಿಂದಲೂ ಅಷ್ಟೇ ಇದ್ದು, ಮನುಷ್ಯರಲ್ಲಿ ಉದ್ದವಾದದ್ದು ಉಳಿದ ಆಯಸ್ಸು ಮಾತ್ರ ಇರಬಹುದು. ಹುಟ್ಟುವಾಗ ಅಂಡಗಳು 10–20 ಲಕ್ಷ, ಮೈನೆರೆಯುವಾಗ 3–4 ಲಕ್ಷ, ಬಿಡುಗಡೆಯಾಗುವುದು ಬರೇ 400ರಷ್ಟು. ಉಳಿದವು ಒಳಗೇ ಸಾಯುತ್ತವೆ. ಸುಮಾರು ಸಾವಿರಕ್ಕೆ ಇಳಿದಾಗ ಮುಟ್ಟು ನಿಲ್ಲುತ್ತದೆ.