ಐಫೋನ್ ವಿಡಿಯೊಗೆ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬರುತ್ತಿಲ್ಲ: ಎಚ್‌ಇವಿಸಿ ಪೇಟೆಂಟ್ ಜಗಳಕ್ಕೂ ಇದಕ್ಕೂ ಏನು ಸಂಬಂಧ?

ಸ್ಟುಡಿಯೊ_ಶಿವಮೊಗ್ಗ:
ಐಫೋನ್‌ನ 4ಕೆ ವಿಡಿಯೊಗಳನ್ನು ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ಸ್’ ಕೊಳ್ಳಿ ಅನ್ನುತ್ತಿದೆ. ಪ್ರೊಸೆಸರ್‌ನಲ್ಲೇ ಎಚ್‌ಇವಿಸಿ (ಎಚ್.265 ಅಂತಲೂ ಕರೆಯುವ, ವಿಡಿಯೊ ಕುಗ್ಗಿಸಿಡುವ ವಿಧಾನ) ಇದೆ ಎಂದು ಇಂಟೆಲ್ ಪುಟದಲ್ಲಿ ಬರೆದಿದೆ. ಮತ್ತೆ ದುಡ್ಡು ಯಾಕೆ? ಇನ್ನೂ ಒಂದಷ್ಟು ಲ್ಯಾಪ್‌ಟಾಪ್ ಕೊಳ್ಳುವುದಿದೆ, ಏನು ನೋಡಿ ಕೊಳ್ಳಬೇಕು?

ಕೊಡೆಕ್_ಕಟ್ಟೆ:
ಚಿಪ್‌ನಲ್ಲಿ ಸರ್ಕ್ಯೂಟ್ ಇರುವುದು ಬೇರೆ, ಅದನ್ನು ಬಳಸುವ ಲೈಸೆನ್ಸ್ ಇರುವುದು ಬೇರೆ. ಎಚ್‌ಇವಿಸಿಯಲ್ಲಿ ಪೇಟೆಂಟ್ ಪೂಲ್‌ಗಳು (ಹಲವು ಮಾಲೀಕರ ಪೇಟೆಂಟ್‌ಗಳನ್ನು ಒಟ್ಟುಗೂಡಿಸಿ ಲೈಸೆನ್ಸ್ ಕೊಡುವ ಕೂಟಗಳು) ರಾಯಲ್ಟಿ ಕೇಳುವುದು ಚಿಪ್ ಮಾಡಿದವರನ್ನಲ್ಲ, ಲ್ಯಾಪ್‌ಟಾಪ್ ಮಾಡಿ ಮಾರುವವರನ್ನು.

ಇದಕ್ಕೂ ಹಿಂದಿನ ವಿಧಾನವಾದ ಎಚ್.264ಗೆ ಬಹುಮಟ್ಟಿಗೆ ಎಂಪೆಗ್ ಎಲ್‌ಎ ಎಂಬ ಪೂಲ್ ಒಂದರಲ್ಲೇ ಲೈಸೆನ್ಸ್ ಪಡೆದರೆ ಕೆಲಸ ಮುಗಿಯುತ್ತಿತ್ತು. ಎಚ್‌ಇವಿಸಿ 2013ರಲ್ಲಿ ಬಂದ ಮೇಲೆ ಪೇಟೆಂಟ್ ಮಾಲೀಕರೇ ಒಡೆದು ಹೋದರು. ಎಂಪೆಗ್ ಎಲ್‌ಎ ಪೂಲ್ ಜೊತೆಗೆ 2015ರಲ್ಲಿ ಎಚ್‌ಇವಿಸಿ ಅಡ್ವಾನ್ಸ್, 2017ರಲ್ಲಿ ವೆಲೋಸ್ ಮೀಡಿಯಾ ಹುಟ್ಟಿದವು. ಯಾವ ಪೂಲ್‌ಗೂ ಸೇರದೆ ತಾವೇ ವಸೂಲಿಗೆ ನಿಂತವರೂ ಇದ್ದಾರೆ. ಎಷ್ಟು ಜನಕ್ಕೆ ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ ಎಂಬುದೇ ತಯಾರಕರಿಗೆ ಖಾತ್ರಿ ಇಲ್ಲ. ನನ್ನ ಮಟ್ಟಿಗೆ ದರಕ್ಕಿಂತ ದೊಡ್ಡ ತೊಂದರೆ ಅದೇ.

2017ರ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ರಿಂದ ಎಚ್‌ಇವಿಸಿಯನ್ನು ಕಿತ್ತು ಸ್ಟೋರ್‌ಗೆ ಹಾಕಿತು. ಅಮೆರಿಕದಲ್ಲಿ ಬೆಲೆ 99 ಸೆಂಟ್. ತಯಾರಕರು ಹಣ ಕಟ್ಟಿದ ಯಂತ್ರಗಳಿಗೆ ‘ಫ್ರಂ ಡಿವೈಸ್ ಮ್ಯಾನುಫ್ಯಾಕ್ಚರರ್’ ಎಂಬ ಉಚಿತ ಆವೃತ್ತಿ ಉಂಟು. ನಿಮ್ಮದರಲ್ಲಿ ಅದು ಇಲ್ಲ ಅಂತ ಕಾಣುತ್ತದೆ.

ಸರ್ವಿಸ್_ಡೆಸ್ಕ್:
ಮೊದಲು ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿ. ಅದರ ಡಿಕೋಡರ್ (ಕುಗ್ಗಿಸಿದ ವಿಡಿಯೊವನ್ನು ಬಿಡಿಸುವ ಭಾಗ) ಅದರೊಳಗೇ ಇದೆ, ಸ್ಟೋರ್ ಎಕ್ಸ್‌ಟೆನ್ಷನ್ ಬೇಡ. ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಜಿಪಿಯು, ‘ವಿಡಿಯೊ ಡಿಕೋಡ್’ ಗ್ರಾಫ್ ನೋಡಿ. ಗ್ರಾಫ್ ಏರಿದರೆ ಹಾರ್ಡ್‌ವೇರ್ ಕೆಲಸ ಮಾಡುತ್ತಿದೆ. ಗ್ರಾಫ್ ಸೊನ್ನೆಯಲ್ಲೇ ನಿಂತು ಸಿಪಿಯು ಮಾತ್ರ ಏರಿದರೆ ಡಿಕೋಡಿಂಗ್ ಪೂರಾ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿದೆ. ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, 4ಕೆ 60 ಫ್ರೇಮ್ ವಿಡಿಯೊ ತಡವರಿಸಬಹುದು. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ‘ಆಟೋಮ್ಯಾಟಿಕ್’ ಇದೆಯಾ ಎಂದು ಖಚಿತಪಡಿಸಿಕೊಂಡೇ ತೀರ್ಮಾನಕ್ಕೆ ಬನ್ನಿ.

ಇನ್ನು ಮುಂದೆ ತೆಗೆಯುವ ವಿಡಿಯೊಗಳಿಗೆ: ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ‘ಮೋಸ್ಟ್ ಕಂಪ್ಯಾಟಿಬಲ್’. ಆಗ ಎಚ್.264 ಆಗುತ್ತದೆ. ಆದರೆ 4ಕೆ 60 ಫ್ರೇಮ್ ಸಿಗುವುದಿಲ್ಲ, ಜಾಗವೂ ಜಾಸ್ತಿ ಬೇಕು: 4ಕೆ 30 ಫ್ರೇಮ್‌ನ ಒಂದು ನಿಮಿಷಕ್ಕೆ ಸುಮಾರು 170 ಎಂಬಿ ಇದ್ದದ್ದು 350 ಎಂಬಿ ಆಗುತ್ತದೆ. ಹಳೆಯ ಫೈಲ್‌ಗಳನ್ನು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಎಚ್.264ಗೆ ತಿರುಗಿಸಿ, ಗುಣಮಟ್ಟದ ಅಂಕಿ ಆರ್‌ಎಫ್ 20ರಿಂದ 22 ಇರಲಿ. ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣಗಳ ಹೆಚ್ಚಿನ ವ್ಯಾಪ್ತಿ ಹಿಡಿಯುವ ಬಗೆ) ತೆಗೆದಿದ್ದರೆ ಬಣ್ಣ ಪೇಲವವಾಗುವ ಸಾಧ್ಯತೆ ಇದೆ, ಆದ್ದರಿಂದ ಮೂಲ ಫೈಲ್ ಅಳಿಸಬೇಡಿ.

ಕಲಂ_ಮೂರು_ಕೆ:
ಕೋರ್ಟ್ ಕಡೆಯದನ್ನೂ ಸೇರಿಸುತ್ತೇನೆ. 2023ರ ಅಕ್ಟೋಬರ್‌ನಲ್ಲಿ ನೋಕಿಯಾ ವಿಡಿಯೊ ಪೇಟೆಂಟ್‌ಗಳ ಮೇಲೆ ಅಮೆಜಾನ್, ಎಚ್‌ಪಿ ಇಬ್ಬರನ್ನೂ ಕೋರ್ಟಿಗೆ ಎಳೆಯಿತು. ಅಮೆಜಾನ್ 2025ರ ಮಾರ್ಚ್‌ನಲ್ಲಿ ರಾಜಿ ಮಾಡಿಕೊಂಡಿತು. ಇಂಥ ರಾಜಿಯ ಮೊತ್ತ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಅದರ ಪಾಲೆಷ್ಟು ಎಂದು ಕೊಳ್ಳುವವರಿಗೆ ತಿಳಿಯುವುದೂ ಇಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಕೊಡುವುದಿಲ್ಲ. ಅಷ್ಟರಿಂದ ಭಾರತದ ಗ್ರಾಹಕರು ಬಚಾವ್ ಎಂದುಕೊಳ್ಳಬೇಡಿ. 2014ರ ಡಿಸೆಂಬರ್‌ನಲ್ಲಿ ಮೊಬೈಲ್ ತಂತ್ರಜ್ಞಾನದ ಪೇಟೆಂಟ್‌ಗಳ ಬಗ್ಗೆ ಎರಿಕ್ಸನ್ ಕೊಟ್ಟ ದೂರಿನ ಮೇಲೆ ದೆಹಲಿ ಹೈಕೋರ್ಟ್ ಶವೋಮಿ ಫೋನ್ ಮಾರಾಟವನ್ನೇ ನಿಲ್ಲಿಸಿತ್ತು. ಆಮೇಲೆ ಕ್ವಾಲ್‌ಕಾಮ್ ಚಿಪ್ ಇದ್ದವನ್ನು ಮಾತ್ರ ಫೋನಿಗೆ 100 ರೂಪಾಯಿ ಠೇವಣಿ ಇಡುವ ಷರತ್ತಿನ ಮೇಲೆ ಮಾರಲು ಬಿಟ್ಟಿತು.

ಸ್ಟುಡಿಯೊ_ಶಿವಮೊಗ್ಗ:
ವಿಎಲ್‌ಸಿಯಲ್ಲಿ ಚಿತ್ರ ಬಂತು, ಡಿಕೋಡ್ ಗ್ರಾಫ್ ಕೂಡ ಏರಿತು. ಹಾಗಾದರೆ ಹೊಸದಾಗಿ ಕೊಳ್ಳುವವು ಯಾವುದಾದರೂ ನಡೆಯುತ್ತದೆಯೇ?

ಕೊಡೆಕ್_ಕಟ್ಟೆ:
ಗ್ರಾಫ್ ಏರಿತು ಅಂದರೆ ಪುಣ್ಯ, ನಿಮ್ಮದರಲ್ಲಿ ಹಾರ್ಡ್‌ವೇರ್ ತೆರೆದೇ ಇದೆ. ಎಲ್ಲದರಲ್ಲೂ ಹಾಗಿಲ್ಲ. ಎಚ್‌ಪಿ, ಡೆಲ್ ತಮ್ಮ ಕೆಲವು ಆಫೀಸ್ ಮಾಡೆಲ್‌ಗಳಲ್ಲಿ ಚಿಪ್‌ನೊಳಗಿನ ಎಚ್‌ಇವಿಸಿಯನ್ನೇ ಬಂದ್ ಮಾಡಿರುವುದು 2025ರಲ್ಲಿ ಬೆಳಕಿಗೆ ಬಂತು. ಎಚ್‌ಪಿ ಪ್ರೊಬುಕ್ 460 ಜಿ11, ಎಲೀಟ್‌ಬುಕ್ 665 ಜಿ11ರ ಡೇಟಾಶೀಟ್‌ನಲ್ಲಿ ಅದನ್ನು ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಅಂಥವುಗಳಲ್ಲಿ ವಿಎಲ್‌ಸಿ ಸಿಪಿಯು ಮೇಲೆ ಓಡಿಸುತ್ತದೆ, ಕ್ರೋಮ್‌ಗೆ ಮಾತ್ರ ದಾರಿ ಇಲ್ಲ, ಏಕೆಂದರೆ ಅದು ಎಚ್‌ಇವಿಸಿಗೆ ಹಾರ್ಡ್‌ವೇರನ್ನೇ ನಂಬಿದೆ. ಸ್ಟೋರ್‌ನಲ್ಲಿ ದುಡ್ಡು ಕೊಟ್ಟರೂ ಬಂದ್ ಆದ ಹಾರ್ಡ್‌ವೇರ್ ತೆರೆದುಕೊಳ್ಳುವುದಿಲ್ಲ.

ಅಂಗಡಿಯವರ ಮಾತು, ಇಂಟೆಲ್ ಪುಟ ಎರಡನ್ನೂ ಬಿಟ್ಟು ಆ ನಿರ್ದಿಷ್ಟ ಮಾಡೆಲ್‌ನ ಡೇಟಾಶೀಟ್ ಪಿಡಿಎಫ್ ಇಳಿಸಿಕೊಳ್ಳಿ, ಅದರಲ್ಲಿ ‘ಎಚ್.265’ ಮತ್ತು ‘ಡಿಸೇಬಲ್ಡ್’ ಎರಡನ್ನೂ ಹುಡುಕಿ. ಎಚ್‌ಇವಿಸಿ ಜೊತೆಗೆ ಎವಿ1 (ಇನ್ನೊಂದು ಹೊಸ ವಿಡಿಯೊ ವಿಧಾನ) ಡಿಕೋಡ್ ಕೂಡ ಇರುವುದನ್ನೇ ಆರಿಸಿ. ಇಂಟೆಲ್ ಆದರೆ 11ನೇ ತಲೆಮಾರಿನ ಮೊಬೈಲ್ ಚಿಪ್‌ಗಳಿಂದ ಇದೆ. ಗೂಗಲ್, ನೆಟ್‌ಫ್ಲಿಕ್ಸ್, ಮೈಕ್ರೋಸಾಫ್ಟ್, ಅಮೆಜಾನ್ ಎಲ್ಲ ಸೇರಿ ರಾಯಲ್ಟಿ ಬೇಡದಂತೆ ಕಟ್ಟಿದ್ದು ಅದು, ಆದರೂ 2020ರಲ್ಲಿ ಸಿಸ್ವೆಲ್ ಎಂಬ ಪೇಟೆಂಟ್ ಲೈಸೆನ್ಸ್ ಕಂಪನಿ ಅದಕ್ಕೂ ಒಂದು ಪೂಲ್ ತೆರೆದಿದೆ. ಐಫೋನ್ ಕ್ಯಾಮೆರಾ ಎವಿ1ನಲ್ಲಿ ರೆಕಾರ್ಡ್ ಮಾಡುವುದಿಲ್ಲವಾದ್ದರಿಂದ ನಿಮ್ಮ ಕೆಲಸಕ್ಕೆ ಎಚ್‌ಇವಿಸಿ ಬೇಕೇ ಬೇಕು. ಎಲ್ಲವನ್ನೂ ಒಟ್ಟಿಗೆ ಆರ್ಡರ್ ಮಾಡಬೇಡಿ. ಒಂದನ್ನು ತರಿಸಿ, ವಾಪಸ್ ಮಾಡುವ ಅವಧಿಯೊಳಗೆ ಇದೇ ಗ್ರಾಫ್ ನೋಡಿ, ಆಮೇಲೆ ಉಳಿದವು.