ದೊಡ್ಮನೆ ಬಳಗ: ವಿಮಾನ ಹತ್ತೋಕೆ ಮುಂಚೆ ತೂಕ

ಸೀನು ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🚨 ಇನ್ಮೇಲೆ ಏರ್‌ಪೋರ್ಟಲ್ಲಿ ಪ್ರಯಾಣಿಕರನ್ನೂ ತೂಕಕ್ಕೆ ಹಾಕ್ತಾರೆ! ದಪ್ಪ ಇದ್ದೋರಿಗೆ ಡಬಲ್ ಟಿಕೆಟ್!! ಎಲ್ಲರಿಗೂ ಕಳಿಸಿ

ಶಾರದತ್ತೆ: ಸರಿಯಾಗೇ ಮಾಡ್ತಿದಾರೆ. ಹಿತಮಿತವಾಗಿ ಉಣ್ಣಿ ಅಂದ್ರೆ ಈಗಿನವರು ಎಲ್ಲಿ ಕೇಳ್ತಾರೆ 🙏

ಕಿರಣ: ಯಾವ ಏರ್‌ಲೈನ್ ಮಾವ? ಯಾವಾಗ? ಲಿಂಕ್ ಕಳ್ಸಿ

ಸೀನು ಮಾವ: ಗೃಹಪ್ರವೇಶದ ಮುಹೂರ್ತಕ್ಕೂ ಪುರಾವೆ ಕೇಳ್ದೋನು ನೀನು

ರೇಖಾ: 2024ರ ಫೆಬ್ರವರಿಯಲ್ಲಿ ಫಿನ್‌ಏರ್ ಹೆಲ್ಸಿಂಕಿಯಲ್ಲಿ ತೂಕ ಮಾಡಿದ್ದು ನಿಜ. ಇಷ್ಟ ಇದ್ದೋರು ಮಾತ್ರ, ಕೈಚೀಲ ಹಿಡ್ಕೊಂಡೇ ನಿಲ್ಬೇಕು, ಹೆಸರು ಬರ್ಕೊಳ್ಳಲ್ಲ. ಅದಕ್ಕೂ ಹಿಂದಿನ ವರ್ಷ ಏರ್ ನ್ಯೂಜಿಲೆಂಡ್ ಕೂಡ ಆಕ್ಲೆಂಡಲ್ಲಿ ಮಾಡಿತ್ತು. ಸರಾಸರಿ ತೆಗೆಯೋಕೆ ಅಷ್ಟೆ, ಟಿಕೆಟ್ ದರಕ್ಕಲ್ಲ

ಸೀನು ಮಾವ: ಸಮೋವಾ ಏರ್ ಕೆ.ಜಿ. ಲೆಕ್ಕದಲ್ಲಿ ದುಡ್ಡು ತಗೊಂಡಿತ್ತು. ಅದೂ ಸುಳ್ಳಾ?

ರೇಖಾ: ನಿಜ, 2013ರಲ್ಲಿ. ಅವರದ್ದು ಪುಟಾಣಿ ವಿಮಾನ, ಒಬ್ಬೊಬ್ಬರ ತೂಕವೂ ಲೆಕ್ಕಕ್ಕೆ ಬರುತ್ತೆ. 180 ಸೀಟಲ್ಲಿ ದಪ್ಪ, ಸಣ್ಣ ಸೇರಿ ಸರಿಹೋಗುತ್ತೆ. ಅದಕ್ಕೇ ಯುರೋಪಿನ ನಿಯಮದಲ್ಲಿ 30 ಸೀಟು, ಅದಕ್ಕೂ ಹೆಚ್ಚಿರೋ ವಿಮಾನಕ್ಕೆ ಕೈಚೀಲ ಸೇರಿ ದೊಡ್ಡವರಿಗೆ ತಲಾ 84 ಕೆ.ಜಿ., ಮಕ್ಕಳಿಗೆ 35 ಅಂತ ಲೆಕ್ಕ ಹಿಡೀತಾರೆ. 10ರಿಂದ 19 ಸೀಟಾದ್ರೆ ಗಂಡಸಿಗೆ 92, ಹೆಂಗಸಿಗೆ 74. 5 ಸೀಟಿನೊಳಗಾದ್ರೆ ಗಂಡಸಿಗೆ 104! ಪೈಲಟ್‌ಗೆ 85, ಕ್ಯಾಬಿನ್ ಸಿಬ್ಬಂದಿಗೆ 75

ಪುಟ್ಟ: 104 ಅಂದ್ರೆ ಚಂದ್ರಣ್ಣ 😂😂 ಧರ್ಮಸ್ಥಳಕ್ಕೆ ಹೋದಾಗ ಅಂಬಾಸಿಡರ್ ಒಂದು ಕಡೆ ವಾಲಿತ್ತಲ್ಲ

ಚಂದ್ರಣ್ಣ: ಆ ಸಲದ ಪೆಟ್ರೋಲ್ ದುಡ್ಡು ನೀನಿನ್ನೂ ಕೊಟ್ಟಿಲ್ಲ

ಕಿರಣ: ಸರಾಸರಿ ತಪ್ಪಾದ್ರೆ ಏನಾಗುತ್ತೆ ಅಕ್ಕಾ?

ರೇಖಾ: 2020ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿಂದ ಹೊರಟ ಟೂಯಿ ಏರ್‌ಲೈನಿನ ಬೋಯಿಂಗ್ 737ರಲ್ಲಿ ಹೆಸರಿನ ಮುಂದೆ ಮಿಸ್ ಅಂತಿದ್ದ 38 ಹೆಂಗಸರನ್ನ ಸಾಫ್ಟ್‌ವೇರ್ ಮಕ್ಕಳು ಅಂತ ಎಣಿಸ್ತು. ಆ ಕಂಪನಿ ಹೆಂಗಸರಿಗೆ ಅಂತ 69 ಕೆ.ಜಿ. ಹಾಕೋ ಕಡೆ 35. ಲೋಡ್ ಶೀಟಲ್ಲಿ (ವಿಮಾನದ ಒಟ್ಟು ತೂಕದ ಪಟ್ಟಿ) ನಿಜವಾದ ತೂಕಕ್ಕಿಂತ 1,200 ಕೆ.ಜಿ.ಗೂ ಮೀರಿ ಕಡಿಮೆ ಬಂತು. ಟೇಕಾಫ್ ವೇಗ, ಇಂಜಿನ್ ಥ್ರಸ್ಟ್ (ತಳ್ಳೋ ಬಲ) ಎಲ್ಲ ಆ ತೂಕದ ಮೇಲೇ ಲೆಕ್ಕ ಹಾಕೋದು. ಅವತ್ತು ಸುರಕ್ಷತೆಯ ಅಂಚಿನ ಒಳಗೇ ಇತ್ತು, ಏನೂ ಆಗ್ಲಿಲ್ಲ.
2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಹಾಗಾಗ್ಲಿಲ್ಲ. 19 ಸೀಟಿನ ಬೀಚ್ 1900 ವಿಮಾನ. ಎಲಿವೇಟರ್ (ಮೂಗು ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ಕೇಬಲ್ ತಪ್ಪಾಗಿ ಬಿಗಿದಿದ್ರು, ಮೂಗು ಬೇಕಾದಷ್ಟು ಕೆಳಗಿಳೀತಿರ್ಲಿಲ್ಲ. ಜೊತೆಗೆ ಭಾರ ಮಿತಿ ಮೀರಿ ಹಿಂದಕ್ಕಿತ್ತು, ಕಾಗದದಲ್ಲಿ ಮಾತ್ರ ಸರಿ. 21 ಜನ ಹೋದ್ರು. ಅಮೆರಿಕದ ಸರಾಸರಿ ಏರಿಸಿದ್ದು ಆಮೇಲೆ

ಶಾರದತ್ತೆ: ನಾನು ಹೇಳಿದ್ದೂ ಅದೇ. ಎಲ್ಲಕ್ಕೂ ಮಿತಿ ಇರ್ಬೇಕು

ರೇಖಾ: ಅಯ್ಯೋ ಅತ್ತೆ, ಎಷ್ಟು ಭಾರ ಅನ್ನೋದೊಂದೇ ಅಲ್ಲ, ಅದು ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ. ಕ್ಯಾಬಿನ್ನನ್ನ ಮುಂದೆ, ನಡು, ಹಿಂದೆ ಅಂತ ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ಜನ ಅಂತ ಎಣಿಸಿ, ಲಗೇಜ್, ಇಂಧನ ಸೇರಿಸಿ ಟ್ರಿಮ್ (ಹಿಂದೆ ಮುಂದೆ ಸಮತೋಲದ) ಲೆಕ್ಕ ಹಾಕ್ತಾರೆ. ಅರ್ಧ ಖಾಲಿ ಇರೋ ಎಟಿಆರ್‌ನಂಥ ಚಿಕ್ಕ ವಿಮಾನದಲ್ಲಿ ಎಲ್ಲರೂ ಹಿಂದೆ ಕೂತ್ರೆ ಆ ಲೆಕ್ಕ ಕೆಡುತ್ತೆ. ಮುಂದಿನ ಸಾಲಿಗೆ ಬನ್ನಿ ಅಂದ್ರೆ ಜಗಳ ಆಡ್ದೆ ಎದ್ದು ಹೋಗಿ. ವಿಮಾನ ಮೇಲಕ್ಕೆ ಹಾರಿದ್ಮೇಲೂ ಸಿಬ್ಬಂದಿನ ಕೇಳಿಕೊಂಡೇ ನಿಮ್ಮ ಸೀಟಿಗೆ ವಾಪಸ್ ಬನ್ನಿ

ಸೀನು ಮಾವ: ಇಷ್ಟುದ್ದ ಯಾರು ಓದ್ತಾರೆ 👍 ಸತ್ಸಂಗದ ಗುಂಪಿಗೆ ನಂದೇ ಕಳ್ಸಿದೀನಿ

ಕಿರಣ: ಮಾವ!!!

ಪುಟ್ಟ: ಚಂದ್ರಣ್ಣ ಯುಪಿಐ ಮಾಡ್ಲಾ?

ಚಂದ್ರಣ್ಣ: ಬಡ್ಡಿ ಸೇರಿಸಿ ಕಳ್ಸು